ಹಪ್ಪಳದಂತೆ ಉಬ್ಬಿದ ನೆಲ

ಪಾಠ ಹೇಳುವ ಕೆಲಸದಲ್ಲಿ ಒಂದು ದೊಡ್ಡ ಅನುಕೂಲವಿದೆ. ಹೇಳಿದ್ದನ್ನು ಮಾಡಿ ತೋರಿಸು ಎಂದು ಯಾರೂ ಕೇಳುವುದಿಲ್ಲ. ಈಜು ಕಲಿಸುವವರು ಒಂದು ಸಲವಾದರೂ ನೀರಿಗೆ ಇಳಿಯಬೇಕು, ಅಡುಗೆ ಕಲಿಸುವವರು ತಾವು ಮಾಡಿದ್ದನ್ನು ತಾವೇ ಉಂಡು ಬದುಕಿ ತೋರಿಸಬೇಕು. ಪಿಯುಸಿ ಮಕ್ಕಳಿಗೆ ರಸಾಯನಶಾಸ್ತ್ರ ಹೇಳುವ ನನ್ನಂಥವಳಿಗೆ ಆ ಕಷ್ಟವಿಲ್ಲ. ಎಡಗಡೆ ಎರಡು ಪದಾರ್ಥ ಬರೆದು, ಒಂದು ಬಾಣ ಎಳೆದು, ಬಲಗಡೆ ಮೂರನೆಯದನ್ನು ಬರೆದು, ಕೈಗೆ ಮೆತ್ತಿದ ಸೀಮೆಸುಣ್ಣ ಕೊಡವಿಕೊಂಡು ಮನೆಗೆ ಹೋದರಾಯಿತು. ಎಡಗಡೆಯ ಪದಾರ್ಥಗಳು ಕೆಲವು ಸಲ ಬಲಗಡೆಗೆ ಹೋಗಲು ಒಪ್ಪುವುದೇ ಇಲ್ಲ, ಒಪ್ಪಿದರೂ ಅರ್ಧ ದಾರಿಯಲ್ಲಿ ಮುನಿಸಿಕೊಂಡು ಕೂರುತ್ತವೆ ಎನ್ನುವುದು ಇಷ್ಟು ವರ್ಷದ ಪಾಠದಲ್ಲಿ ನನಗೆ ಗೊತ್ತಾಗಿರಲಿಲ್ಲ. ಗೊತ್ತಾಗಿದ್ದು ತುಮಕೂರಿನ ಸದಾಶಿವನಗರದಲ್ಲಿರುವ ನಮ್ಮ ಮನೆಯ ಕಾರ್ ಶೆಡ್ಡಿನಲ್ಲಿ.

ಶೆಡ್ ಎಂದ ಕೂಡಲೇ ದೊಡ್ಡದೇನನ್ನೋ ಕಲ್ಪಿಸಿಕೊಳ್ಳಬೇಡಿ. ಗೇಟು ತೆಗೆದರೆ ಎದುರಿಗೇ ಸಿಗುವ ಜಾಗ ಅದು. ತಲೆಯ ಮೇಲೆ ತಾರಸಿ, ಕಾಲಿನ ಕೆಳಗೆ ಸಿಮೆಂಟು. ಅದರಲ್ಲಿ ಮಾವನ ಕಾರು, ನಮ್ಮನೆಯವರ ಬೈಕು, ಅತ್ತೆಯ ತೆಂಗಿನಕಾಯಿ ರಾಶಿ, ಬಿಸಿಲಿನ ದಿನಗಳಲ್ಲಿ ಸಂಡಿಗೆಯ ಚಾಪೆ. ನೆಲದ ಒಳಗೆ, ಕಾರು ನಿಲ್ಲುವ ಜಾಗಕ್ಕೆ ಸರಿಯಾಗಿ ಕೆಳಗೆ, ನಮ್ಮೂರಿನ ಬಹಳಷ್ಟು ಮನೆಗಳಲ್ಲಿ ಇರುವಂತೆ ನೀರಿನ ಸಂಪು. ಈ ಸಂಪನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನಾನು ನೆನಪಿಟ್ಟುಕೊಳ್ಳಲಿಲ್ಲ.

ಮಾವ ಕುಣಿಗಲ್ ಕಡೆಯ ಹಳ್ಳಿಯವರು. ಆಯಸ್ಸಿನ ಬಹುಭಾಗ ಬಸ್ ಓಡಿಸಿ ನಿವೃತ್ತರಾದವರು. ಊರಿನವರನ್ನೆಲ್ಲ ಊರೂರಿಗೆ ಮುಟ್ಟಿಸಿದ ಮೇಲೆ, ತಮ್ಮದೇ ಆದ ನಾಲ್ಕು ಚಕ್ರ ಇರಲಿ ಎಂದು ಒಂದು ಹಳೆಯ ಕಾರು ಕೊಂಡರು. ಬೆಳಗ್ಗೆ ಎದ್ದು ದೇವರಿಗೆ ಕೈ ಮುಗಿಯುವ ಮುಂಚೆ ಅದಕ್ಕೆ ಸ್ನಾನ ಮಾಡಿಸುತ್ತಾರೆ. ಅತ್ತೆಯನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಮದುವೆ, ತಿಥಿ, ನಾಮಕರಣ ಎಂದು ಕುಣಿಗಲ್‌ಗೆ ಹೋಗಿಬರುತ್ತಾರೆ. ಹೋಗಿಬರಲು ಕಾರಣ ಇಲ್ಲದಿದ್ದರೆ ಹುಡುಕುತ್ತಾರೆ. ಕಾರಿನದು ಒಂದೇ ಚಾಳಿ. ನಿಂತಲ್ಲಿ ಆಯಿಲ್ ತೊಟ್ಟಿಕ್ಕಿಸುತ್ತದೆ. ಮೆಕ್ಯಾನಿಕ್‌ಗೆ ತೋರಿಸಿ ಮಾವ ಎಂದು ಒಮ್ಮೆ ಹೇಳಿದ್ದಕ್ಕೆ ಅವರು ನನ್ನನ್ನು ಕನಿಕರದಿಂದ ನೋಡಿ, "ಸೋರೋ ಗಾಡೀಲಿ ಆಯಿಲ್ ಐತೆ ಅಂತ ಅರ್ಥ ಕಣವ್ವ. ಸೋರೋದು ನಿಂತ್ರೆ ಭಯ ಬೀಳ್ಬೇಕು" ಎಂದರು. ಹಾಗಾಗಿ ನೆಲದ ಮೇಲೆ ಕಪ್ಪು ಮಚ್ಚೆಗಳು ಬೆಳೆಯುತ್ತಲೇ ಇದ್ದವು. ಅದರ ಜೊತೆಗೆ ಹಳೆಯ ಸಿಮೆಂಟಿನ ಪುಡಿ ಏಳುತ್ತಿತ್ತು. ಎಷ್ಟು ಗುಡಿಸಿದರೂ ಅದು ನಮ್ಮ ಕಾಲಿಗೆ ಅಂಟಿಕೊಂಡು ಹಜಾರಕ್ಕೆ, ಹಜಾರದಿಂದ ಹಾಸಿಗೆಗೆ ಬಂದು ನಮ್ಮ ಜೊತೆಯೇ ಮಲಗುತ್ತಿತ್ತು.

ಇದನ್ನೆಲ್ಲ ಸಹಿಸಿಕೊಂಡು ಇದ್ದುಬಿಡುತ್ತಿದ್ದೆನೋ ಏನೋ. ಅಷ್ಟರಲ್ಲಿ ಗುಬ್ಬಿಯ ಓರಗಿತ್ತಿ ಹೊಸ ನೆಲ ಹಾಕಿಸಿಕೊಂಡಳು. ನನ್ನ ಮೈದುನನಿಗೆ ಬಿದರೆಹಳ್ಳಿ ಕಾವಲ್ ಹತ್ತಿರ ಕೆಲಸ, ಗುಬ್ಬಿಯಲ್ಲಿ ಮನೆ. ಅವನ ಹೆಂಡತಿ ಶೈಲಜಾ ಒಳ್ಳೆಯವಳು. ಒಳ್ಳೆಯವಳು ಎನ್ನುವುದೇ ಅವಳ ವಿಷಯದಲ್ಲಿ ನನಗಿರುವ ತೊಂದರೆ, ಬೈಯಲು ಏನೂ ಸಿಗುವುದಿಲ್ಲ. ಮಗನ ಹುಟ್ಟುಹಬ್ಬಕ್ಕೆಂದು ಕರೆದಾಗ ಹೋಗಿ ನೋಡಿದರೆ, ಅವಳ ಶೆಡ್ಡಿನ ನೆಲ ಬೂದು ಬಣ್ಣದ ಕನ್ನಡಿಯಂತೆ ಹೊಳೆಯುತ್ತಿದೆ. ಬಾಗಿದರೆ ನನ್ನ ಮುಖವೇ ಕಾಣುತ್ತದೆ, ಅದೂ ಇರುವುದಕ್ಕಿಂತ ಸ್ವಲ್ಪ ಚೆನ್ನಾಗಿ. ಇದೇನೇ ಶೈಲಾ ಎಂದೆ.

"ಎಪಾಕ್ಸಿ ಅಕ್ಕ. ಎರಡು ಡಬ್ಬ ಇರತ್ತೆ, ಕಲಸಿ ಬಳಿಯೋದು. ನೀವೇ ಪಾಠ ಮಾಡ್ತೀರಲ್ಲ, ನಿಮಗೆ ಗೊತ್ತಿಲ್ದೆ ಇರತ್ತಾ!"

ಅವಳು ಗೌರವದಿಂದಲೇ ಹೇಳಿದಳು. ನನಗದು ಸವಾಲಿನಂತೆ ಕೇಳಿಸಿತು. ಗೊತ್ತಿಲ್ಲದೆ ಏನು! ಒಂದು ಡಬ್ಬದಲ್ಲಿ ರಾಳ, ಇನ್ನೊಂದರಲ್ಲಿ ಅದನ್ನು ಗಟ್ಟಿ ಮಾಡುವ ಹಾರ್ಡನರ್. ಎರಡೂ ಸೇರಿದರೆ ಅಣುಗಳು ಕೈಕೈ ಹಿಡಿದುಕೊಂಡು ಬಲೆಯಾಗುತ್ತವೆ, ಬಲೆ ಕಲ್ಲಾಗುತ್ತದೆ. ವರ್ಷಕ್ಕೊಮ್ಮೆ ಹಲಗೆಯ ಮೇಲೆ ನಾನೇ ಬರೆಯುವುದು. ವಾಪಸು ಬರುವಾಗ ನಮ್ಮನೆಯವರಿಗೆ, ನಮ್ಮ ಶೆಡ್ಡಿಗೂ ಬಳಿಯೋಣ, ಬಳಿಯುವವಳು ನಾನೇ ಎಂದೆ. ಅವರಿಗೆ ಹಿರೇಹಳ್ಳಿಯ ಒಂದು ಕಾರ್ಖಾನೆಯಲ್ಲಿ ಕೆಲಸ. "ನಮ್ಮಲ್ಲೂ ಅದೇ ನೆಲ. ಅದನ್ನ ಹಾಕೋಕೆ ಮುಂಚೆ ನೆಲಾನ ಉಜ್ಜಿ, ಒಣಗ್ಸಿ, ಮತ್ತೆ ಉಜ್ಜಿ, ಎಷ್ಟು ದಿನ ನಮ್ಮನ್ನ ಆ ಕಡೆಗೇ ಬಿಟ್ಟಿರ್ಲಿಲ್ಲ. ಬಳಿದಿದ್ದು ಮಾತ್ರ ಒಂದೇ ದಿನ" ಎಂದರು. ಅದರಲ್ಲಿ 'ಬಳಿದಿದ್ದು ಒಂದೇ ದಿನ' ಎನ್ನುವುದಷ್ಟೇ ನನ್ನ ಕಿವಿಗೆ ಬಿತ್ತು.

ನೆಲ ಒಣಗಿದೆಯೇ ಎಂದು ನೋಡಲು ಸುಲಭವಾದ ಪರೀಕ್ಷೆಯೊಂದಿದೆ. ಪ್ಲಾಸ್ಟಿಕ್ ಹಾಳೆಯೊಂದನ್ನು ನೆಲದ ಮೇಲೆ ಹಾಸಿ, ಗಾಳಿ ಆಡದಂತೆ ನಾಲ್ಕೂ ಅಂಚಿಗೆ ಟೇಪು ಅಂಟಿಸಿ, ಒಂದು ದಿನ ಬಿಟ್ಟು ಎತ್ತಿ ನೋಡಬೇಕು. ಅಡಿಯಲ್ಲಿ ಬೆವರಿದ್ದರೆ ನೆಲದೊಳಗೆ ತೇವವಿದೆ, ಬಳಿಯಬಾರದು. ಈ ಪರೀಕ್ಷೆ ನನಗೆ ಗೊತ್ತಿತ್ತು, ಮಾಡಿದೆ ಕೂಡ. ಆದರೆ ಹಾಳೆ ಹಾಸಲು ಕಾರು ತೆಗೆಯಬೇಕಲ್ಲ? "ತೆಗೀತೀನಿ ಬುಡವ್ವ, ಅದಕ್ಕೇನು. ಆದ್ರೆ ರಾತ್ರಿಯೆಲ್ಲ ಅದು ರೋಡಲ್ಲಿ ನಿಂತಿದ್ರೆ ನಂಗೆ ನಿದ್ದೆ ಹತ್ತಲ್ಲ" ಎಂದರು ಮಾವ. ವಯಸ್ಸಾದವರ ನಿದ್ದೆ ಯಾಕೆ ಕೆಡಿಸಲಿ ಎಂದು ಚಪ್ಪಲಿ ಬಿಡುವ ಮೂಲೆಯಲ್ಲಿ ಹಾಳೆ ಹಾಸಿದೆ. ಮರುದಿನ ಎತ್ತಿದರೆ ಕರಿಯಲು ತಯಾರಾದ ಹಪ್ಪಳದಷ್ಟು ಒಣ. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಚುಕಿದರೆ ಸಾಕು, ನಿಜ. ಆದರೆ ಆ ಅಗುಳನ್ನು ಪಕ್ಕದ ಮನೆಯ ಪಾತ್ರೆಯಿಂದ ತೆಗೆಯಬಾರದು.

ಆಯಿಲ್ ಮಚ್ಚೆಗಳನ್ನು ಸೋಪಿನ ಪುಡಿ ಹಾಕಿ ಉಜ್ಜಿದೆ. ಅದಕ್ಕೂ ಒಂದು ಪರೀಕ್ಷೆಯಿದೆ. ಒಂದು ಹನಿ ನೀರು ಬಿಟ್ಟರೆ ನೆಲ ಅದನ್ನು ಕುಡಿಯಬೇಕು, ಕೆಸುವಿನ ಎಲೆಯ ಮೇಲೆ ನಿಂತ ಹಾಗೆ ಮುತ್ತಾಗಿ ನಿಂತರೆ ಎಣ್ಣೆ ಇನ್ನೂ ಒಳಗೇ ಇದೆ. ನನ್ನ ಹನಿ ಸ್ವಲ್ಪ ಹೊತ್ತು ನಿಂತಿತು, ಆಮೇಲೆ ಇಲ್ಲವಾಯಿತು. ನೆಲ ಕುಡಿಯಿತೋ, ನನ್ನ ಚೂಡಿದಾರದ ದುಪಟ್ಟ ಕುಡಿಯಿತೋ, ಈಗ ಖಚಿತವಾಗಿ ಹೇಳಲಾರೆ. ಇನ್ನು ನೆಲವನ್ನು ತರಿತರಿ ಮಾಡುವುದು. ನುಣುಪಾದ ಸಿಮೆಂಟಿಗೆ ಎಪಾಕ್ಸಿ ಅಂಟುವುದಿಲ್ಲ; ಮಷೀನಿನಿಂದ ಅದರ ಮೇಲ್ಪದರ ಕೆರೆಯಬೇಕು. ನಾನು ಅಂಗಡಿಯಿಂದ ಉಪ್ಪುಕಾಗದ ತಂದು ಮಂಡಿಯೂರಿ ಉಜ್ಜಲು ಕುಳಿತೆ. ಒಂದು ಮೂಲೆ ಮುಗಿಯುವಷ್ಟರಲ್ಲಿ ನೆಲಕ್ಕಿಂತ ಹೆಚ್ಚು ನನ್ನ ಮಂಡಿ ತರಿತರಿಯಾಯಿತು. ಉಳಿದದ್ದು ಅಷ್ಟೇನೂ ನುಣುಪಾಗಿಲ್ಲ ಎಂದು ನನಗೆ ನಾನೇ ಒಪ್ಪಿಗೆ ಕೊಟ್ಟುಕೊಂಡೆ.

ಭಾನುವಾರ ಬೆಳಗ್ಗೆ ಚುರುಗುಟ್ಟುವ ಬಿಸಿಲು. ಸಂಡಿಗೆ ಒಣಗಿಸಿದ ಮನೆಯ ಹೆಣ್ಣಲ್ಲವೇ, ಬಿಸಿಲು ಕಂಡರೆ ಖುಷಿ, ಆಗಲೇ ಬಳಿಯಲು ನಿಂತೆ. ನೆಲ ಬಿಸಿಯೇರುವಾಗ ಅದರ ರಂಧ್ರಗಳೊಳಗಿನ ಗಾಳಿ ಹಿಗ್ಗಿ ಮೇಲೆ ಬರುತ್ತದೆ, ಬಳಿದದ್ದನ್ನು ಗುಳ್ಳೆಯೆಬ್ಬಿಸುತ್ತದೆ, ಅದಕ್ಕೇ ಸಂಜೆ ನೆಲ ತಣಿಯುವಾಗ ಬಳಿಯಬೇಕು. ಹಿಗ್ಗುವ ಗಾಳಿಯ ಬಗ್ಗೆ ನಮ್ಮ ಕಾಲೇಜಿನಲ್ಲಿ ಭೌತಶಾಸ್ತ್ರದವರು ಹೇಳುತ್ತಾರೆ, ಅದು ನನ್ನ ವಿಷಯವಲ್ಲ ಎಂದು ಸಮಾಧಾನ ಮಾಡಿಕೊಳ್ಳಬಹುದು. ಆದರೆ ಮುಂದೆ ಆಗಿದ್ದು ಶುದ್ಧ ನನ್ನ ವಿಷಯವೇ. ಮೊದಲ ಜೋಡಿ ಡಬ್ಬಗಳೆರಡನ್ನೂ ಅತ್ತೆಯ ಸ್ನಾನದ ಬಕೆಟ್ಟಿಗೆ ಸುರಿದು, ಕೋಲಿನಿಂದ ಕಲಸಿ, ಹಿಂಬದಿಯ ಗೋಡೆಯ ಅಂಚಿನಲ್ಲಿ ನಾಲ್ಕು ರೋಲರ್ ಎಳೆದಿದ್ದೆ. ವಿದ್ಯಾರ್ಥಿನಿಯೊಬ್ಬಳ ತಾಯಿಯ ಫೋನು ಬಂತು. ಮಗಳಿಗೆ ರಸಾಯನಶಾಸ್ತ್ರ ತಲೆಗೆ ಹತ್ತುತ್ತಿಲ್ಲವಂತೆ. ನಾನು ಅವರಿಗೆ, ಬರೀ ಬಾಯಿಪಾಠ ಮಾಡಿದರೆ ಹೀಗೇ ಆಗುವುದು, ಅರ್ಥ ಮಾಡಿಕೊಂಡು ಓದಬೇಕು ಎಂದು ವಿವರವಾಗಿ ಹೇಳಿ ವಾಪಸು ಬಂದರೆ, ಬಕೆಟ್ಟಿನಿಂದ ಹೊಗೆ ಏಳುತ್ತಿದೆ.

ಮಾವ ಬಕೆಟ್ಟಿನ ಪಕ್ಕ ನಿಂತಿದ್ದರು. "ಏನವ್ವ, ರೇಡಿಯೇಟರ್ ಕುದ್ದಂಗೆ ಕುದೀತೈತೆ! ನೀರು ಹಾಕ್ಲಾ?"

"ಬೇಡ ಮಾವ, ಮುಟ್ಟಬೇಡಿ!"

ರಾಳ ಮತ್ತು ಹಾರ್ಡನರ್ ಸೇರಿದರೆ ಶಾಖ ಹುಟ್ಟುತ್ತದೆ. ನೆಲದ ಮೇಲೆ ಹರಡಿದರೆ ಶಾಖ ಚದುರಿಹೋಗುತ್ತದೆ, ಬಕೆಟ್ಟಿನಲ್ಲಿ ರಾಶಿ ಬಿಟ್ಟರೆ ಒಳಗೊಳಗೇ ಏರುತ್ತದೆ. ಏರಿದ ಶಾಖದಿಂದ ಇನ್ನೂ ಬೇಗ ಗಟ್ಟಿಯಾಗುತ್ತದೆ. ಪರೀಕ್ಷೆಯಲ್ಲಿ ಇದಕ್ಕೆ ಎರಡು ಅಂಕ. ನೋಡನೋಡುತ್ತಿದ್ದಂತೆ ಬಕೆಟ್ಟು, ಕೋಲು, ರಾಳ ಮೂರೂ ಒಂದೇ ದೇಹವಾದವು. ಅತ್ತೆ ಬಂದು ಕೋಲು ಹಿಡಿದು ಎತ್ತಿದರು, ಬಕೆಟ್ಟು ಜೊತೆಗೇ ಎದ್ದು ಬಂತು. "ಇನ್ಮೇಲೆ ಇದರ ಮೇಲೇ ಕೂತ್ಕೊಂಡು ನೀರು ಹುಯ್ಕೋಬೇಕು" ಎಂದು ಹೇಳಿ ಒಳಗೆ ಹೋದರು. ಇನ್ನೊಂದು ಜೋಡಿ ಡಬ್ಬ ತಂದು ಕೆಲಸ ಮುಗಿಸಿದೆ. ಹಿಂಬದಿಗೂ ಮುಂಬದಿಗೂ ಬಣ್ಣ ಸ್ವಲ್ಪ ಬೇರೆಯಾಯಿತು. ಬೇಕೆಂದೇ ಹಾಗೆ ಮಾಡಿದ್ದು ಎಂದು ಎಲ್ಲರಿಗೂ ಹೇಳಿದೆ.

ಸಂಜೆ ನೆಲ ನೋಡಬೇಕಿತ್ತು ನೀವು! ಗೇಟಿನ ಹೊರಗೆ ಹೋಗುವವರೂ ನಿಂತು ನೋಡಿ ಹೋದರು. ಫೋಟೋ ತೆಗೆದು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದೆ. ಶೈಲಜಾ ಚಪ್ಪಾಳೆಯ ಚಿತ್ರ ಕಳಿಸಿದಳು. ಕೆಲಸದವರಿಗೆ ಕೊಟ್ಟು ಮಾಡಿಸುವುದಕ್ಕೂ, ತಿಳಿದವರು ತಾವೇ ಮಾಡುವುದಕ್ಕೂ ಇರುವ ವ್ಯತ್ಯಾಸದ ಬಗ್ಗೆ ನಮ್ಮನೆಯವರಿಗೆ ಊಟ ಮುಗಿಯುವ ತನಕ ಹೇಳಿದೆ. ಅವರು ಸಾರು ಚೆನ್ನಾಗಿದೆ ಎಂದರು.

ಒಂದು ವಾರ ಕಾರು ನಿಲ್ಲಿಸಬಾರದು ಎಂದು ಡಬ್ಬದ ಮೇಲೆ ಬರೆದಿತ್ತು. ನಡೆಯಲು ಗಟ್ಟಿಯಾದ ಮಾತ್ರಕ್ಕೆ ಕಾರಿನ ಭಾರಕ್ಕೂ ಬಿಸಿಗೂ ಗಟ್ಟಿಯಾಯಿತೆಂದಲ್ಲ. ಮಾವ ಪಾಪ ತೆಪ್ಪಗೆ ರೋಡಿನಲ್ಲೇ ನಿಲ್ಲಿಸುತ್ತಿದ್ದರು. ವಾರದ ನಡುವೆ ಕುಣಿಗಲ್‌ಗೆ ಹೋಗಿ ಬರುವಾಗ ಮೋಡ ಕವಿದು ಗಾಳಿ ಎದ್ದಿತ್ತು, ಎದುರುಮನೆಯ ತೆಂಗಿನಮರ ತೂಗಾಡುತ್ತಿತ್ತು. ಮಾವ ಗೇಟಿನ ಮುಂದೆ ಇಂಜಿನ್ ಆರಿಸದೆ ನನ್ನ ಮುಖ ನೋಡಿದರು. ನಾನು ನೆಲವನ್ನು ಬೆರಳ ಗೆಣ್ಣಿನಿಂದ ಟಕಟಕ ಬಡಿದು ನೋಡಿ, "ಗಟ್ಟಿಯಾಗಿದೆ, ಬನ್ನಿ ಮಾವ" ಎಂದೆ. ಅಷ್ಟು ದೂರ ಓಡಿ ಬಿಸಿಯಾದ ಟೈರುಗಳು ಹೊಸ ನೆಲದ ಮೇಲೆ ರಾತ್ರಿಯಿಡೀ ನಿಂತವು. ಬೆಳಗ್ಗೆ ಮಾವ ಕಾರನ್ನು ಹಿಂದಕ್ಕೆ ತೆಗೆದಾಗ ಅಂಟಿದ ಪ್ಲಾಸ್ಟರ್ ಕಿತ್ತ ಹಾಗೆ ಶಬ್ದವಾಯಿತು. ನಾಲ್ಕು ಟೈರುಗಳೂ ಒಂದೊಂದು ತುಂಡು ನೆಲವನ್ನು ಹೊತ್ತುಕೊಂಡು ಹೋದವು.

ಅದನ್ನು ಬಗ್ಗಿ ನೋಡುವಾಗಲೇ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಸಂಪಿನ ಮೇಲಿನ ಜಾಗದಲ್ಲಿ ಉದ್ದಕ್ಕೂ ಗುಳ್ಳೆಗಳು. ಕೆಳಗಿನ ತೇವ ಮೇಲೆ ಬರಲು ದಾರಿಯಿಲ್ಲದೆ ಬಣ್ಣವನ್ನೇ ಎತ್ತಿ ಹಿಡಿದಿತ್ತು. ಎಣ್ಣೆ ಉಳಿದಿದ್ದ ಕಡೆ ಬಣ್ಣ ಹಿಂದೆ ಸರಿದು ಮೀನಿನ ಕಣ್ಣಿನಂಥ ಗುಂಡು ಗುಂಡು ಕುಳಿಗಳು. ಅತ್ತೆ ಒಂದು ಗುಳ್ಳೆಯನ್ನು ಹೆಬ್ಬೆರಳಿನಿಂದ ಒತ್ತಿದರು. ಚಟ್ ಎಂದು ಒಡೆಯಿತು.

"ಏನವ್ವ ಇದು, ಹಪ್ಪಳ ಉಬ್ಬಿದಂಗೆ ಉಬ್ಬೈತಲ್ಲ! ಎಣ್ಣೆ ಸಾಲ್ದಾಯ್ತಾ?"

ಎಣ್ಣೆ ಹೆಚ್ಚಾಯಿತು ಅತ್ತೆ ಎಂದು ಹೇಳುವ ಧೈರ್ಯ ಬರಲಿಲ್ಲ.

ಇಷ್ಟೇ ಆಗಿದ್ದರೆ ನಗುವ ವಿಷಯ. ಮುಂದಿನದು ನಗುವಂಥದ್ದಲ್ಲ. ಸಣ್ಣ ಮಳೆ ಬಂದ ಒಂದು ಬೆಳಗ್ಗೆ ಮಾವ ಎಂದಿನಂತೆ ಕಾರು ತೊಳೆಯಲು ಬರಿಗಾಲಿನಲ್ಲಿ ಹೋದರು. ಎಪಾಕ್ಸಿ ಒದ್ದೆಯಾದರೆ ಬಾಳೆಹಣ್ಣಿನ ಸಿಪ್ಪೆಗಿಂತ ಜಾರುತ್ತದೆ. ಬಳಿಯುವಾಗಲೇ ಅದರ ಮೇಲೆ ಸಣ್ಣ ಮರಳು ಉದುರಿಸಿ ತರಿ ಕೊಡಬೇಕು. ಮರಳು ಉದುರಿಸಿದರೆ ಕನ್ನಡಿಯಂತೆ ಹೊಳೆಯುವುದಿಲ್ಲ ಎಂದು ನಾನು ಅದನ್ನು ಕೈಬಿಟ್ಟಿದ್ದೆ. ಅಡುಗೆಮನೆಯಲ್ಲಿದ್ದ ನನಗೆ ಬಕೆಟ್ ಉರುಳಿದ ಸದ್ದು ಕೇಳಿಸಿತು, ಆಮೇಲೆ ಏನೂ ಕೇಳಿಸಲಿಲ್ಲ. ಓಡಿ ಹೋದರೆ ಮಾವ ಕಾರಿನ ಬಂಪರಿಗೆ ಒರಗಿ ನೆಲದ ಮೇಲೆ ಕುಳಿತಿದ್ದಾರೆ. ಬಲಗೈ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದಾರೆ. ಮುಖ ಬಿಳಿಚಿಕೊಂಡಿದೆ.

"ಏನಿಲ್ಲ ಕಣವ್ವ, ಏನಿಲ್ಲ. ನಿನ್ ನೆಲ ಚೆನ್ನಾಗೈತೆ, ನನ್ ಕಾಲೇ ಸರಿ ಇಲ್ಲ" ಎಂದರು.

ಬೈದಿದ್ದರೆ ಎಷ್ಟೋ ಸುಖವಿರುತ್ತಿತ್ತು. ಮಣಿಕಟ್ಟಿನಲ್ಲಿ ಸಣ್ಣ ಬಿರುಕು ಬಿಟ್ಟಿತ್ತು. ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಕಟ್ಟು ಹಾಕಿ ಕಳಿಸಿದರು. ಸೊಂಟಕ್ಕೇನೂ ಆಗದಿದ್ದದ್ದು ನಮ್ಮ ಪುಣ್ಯ ಎಂದರು ಡಾಕ್ಟರು. ಕಟ್ಟು ಬಿಚ್ಚುವ ಹೊತ್ತಿಗೆ ಕೈ ಸರಿಹೋಯಿತು. ಮಾವ ಸರಿಹೋಗಲಿಲ್ಲ. ಶೆಡ್ಡಿಗೆ ಹೋಗುವುದನ್ನೇ ಬಿಟ್ಟರು. ಹೊರಗೆ ಹೋಗಬೇಕಾದರೆ ಪಕ್ಕದ ಬಾಗಿಲಿನಿಂದ, ಗೋಡೆ ಹಿಡಿದುಕೊಂಡು ಹೋಗುತ್ತಿದ್ದರು. ಘಾಟಿ ರಸ್ತೆಯಲ್ಲಿ ತುಂಬಿದ ಬಸ್ಸನ್ನು ಒಂದು ಗೀರು ಬೀಳದಂತೆ ಇಳಿಸಿದ ಮನುಷ್ಯ, ತಮ್ಮ ಮನೆಯ ಗೇಟಿಗೂ ಬಾಗಿಲಿಗೂ ನಡುವೆ ನಡೆಯಲು ಹೆದರುತ್ತಿದ್ದರು. ಕಾರಿನ ಮೇಲೆ ಧೂಳು ಕೂತಿತು. ಒಂದು ದಿನ ಊಟಕ್ಕೆ ಕೂತಾಗ ಕೀಲಿಯನ್ನು ಮಗನ ತಟ್ಟೆಯ ಪಕ್ಕ ಇಟ್ಟು, "ಮಾರಿಬುಡಾನ ಕಣಪ್ಪ. ಸುಮ್ನೆ ನಿಂತಿರ್ತೈತೆ" ಎಂದರು. ಅತ್ತೆ ಮೊಸರು ಬಡಿಸಲು ಎದ್ದವರು ಮೊಸರಿನ ಪಾತ್ರೆ ಹಿಡಿದುಕೊಂಡು ಹಾಗೇ ನಿಂತಿದ್ದರು.

ಆ ಭಾನುವಾರವೇ ನಾನು ಬಸ್ಸು ಹತ್ತಿ ಗುಬ್ಬಿಗೆ ಹೋದೆ. ಶೈಲಜಾಳಿಗೆ ನೆಲ ಹಾಕಿದವರು ಯಾರು, ಏನು ಮಾಡಿದರು ಎಂದು ಕೇಳಿ, ಬೇಕಾದರೆ ಕೈ ಮುಗಿದು, ಸರಿ ಮಾಡಿಸಿಕೊಳ್ಳುವುದು ಎಂದು ನಿರ್ಧರಿಸಿದ್ದೆ. ನಮ್ಮ ನೆಲದ ಅವಸ್ಥೆ ಅವಳಿಗೆ ನಾನು ಹೇಳಿರಲಿಲ್ಲ. ಮಾವ ಬಿದ್ದದ್ದು ಕಾಲು ತೊಡರಿ ಎಂದಷ್ಟೇ ಹೇಳಿದ್ದೆ. ಅವಳು ಕಾಫಿ ಮಾಡಲು ಒಳಗೆ ಹೋದಳು. ನಾನು ಶೆಡ್ಡಿನಲ್ಲಿ ನಿಂತು ನೋಡಿದರೆ, ನಡುವೆ ಒಂದು ದೊಡ್ಡ ಜಮಖಾನ ಹಾಸಿದೆ. ಕಾರು ನಿಲ್ಲಿಸುವ ಜಾಗಕ್ಕೆ ಜಮಖಾನ ಯಾರು ಹಾಸುತ್ತಾರೆ? ಬಗ್ಗಿ ಒಂದು ಅಂಚು ಎತ್ತಿದೆ.

"ಅಕ್ಕಾ, ಎತ್ಬೇಡಿ!" ಎಂದು ಶೈಲಜಾ ಕಾಫಿ ಲೋಟದ ಸಮೇತ ಓಡಿ ಬಂದಳು. ತಡವಾಗಿತ್ತು. ಜಮಖಾನದ ಕೆಳಗೆ ನೆಲ ಬೇಸಿಗೆಯ ಕೆರೆಯಂಗಳದ ಹಾಗೆ ಹಾಳೆ ಹಾಳೆಯಾಗಿ ಎದ್ದಿತ್ತು. ಎದ್ದ ಸಿಪ್ಪೆಯೊಂದು ಜಮಖಾನಕ್ಕೇ ಅಂಟಿಕೊಂಡು ನನ್ನ ಕೈಗೆ ಬಂತು.

"ಮಳೆಗಾಲ ಮುಗಿಯೋದಕ್ಕೂ ಕಾಯ್ಲಿಲ್ಲ ಅಕ್ಕ. ಹುಟ್ಟುಹಬ್ಬಕ್ಕೆ ಆಗ್ಲೇಬೇಕು ಅಂತ ನಾನೇ ಹಟ ಮಾಡಿ ಹಾಕ್ಸಿದ್ದು" ಎಂದಳು. ಕಣ್ಣಲ್ಲಿ ನೀರಿತ್ತು. "ನಿಮ್ಮದು ಅಷ್ಟು ಚೆನ್ನಾಗಿ ಬಂದಿದೆ, ಹೊಳೀತಾ ಇದೆ ಅಂತ ಭಾವ ಹೇಳ್ತಾನೇ ಇದ್ರು. ನಂಗೆ ಹೇಳ್ಕೊಳೋಕೆ ನಾಚ್ಕೆ ಆಯ್ತು."

ಭಾವ ಎಂದರೆ ನಮ್ಮನೆಯವರು. ಮನೆಯ ಮರ್ಯಾದೆ ಉಳಿಸಲು ಇವರು ಗುಬ್ಬಿಗೆ ಸುಳ್ಳು ಹೇಳುತ್ತಿದ್ದರು. ಮೈದುನ ಅದೇ ಕೆಲಸವನ್ನು ತುಮಕೂರಿಗೆ ಮಾಡುತ್ತಿದ್ದ. ನಾನು ಸಿಪ್ಪೆ ಹಿಡಿದುಕೊಂಡೇ ನೆಲದ ಮೇಲೆ ಕುಳಿತು ಎಲ್ಲವನ್ನೂ ಹೇಳಿದೆ. ಬಕೆಟ್ಟು, ಟೈರು, ಹಪ್ಪಳ, ಎಲ್ಲ. ಅವಳು ಮೊದಲು ಅಳು ನಿಲ್ಲಿಸಿದಳು, ಆಮೇಲೆ ನಕ್ಕಳು, ಆಮೇಲೆ ಇಬ್ಬರಿಗೂ ನಗು ನಿಲ್ಲಿಸಲಾಗಲಿಲ್ಲ. ಕೊನೆಗೆ ಮಾವ ಜಾರಿ ಬಿದ್ದದ್ದು, ಕೀಲಿ ತಂದಿಟ್ಟದ್ದು ಹೇಳಿದೆ. ತಣ್ಣಗಾದ ಕಾಫಿ ಕುಡಿದು ಲೋಟ ಇಡುತ್ತಾ ಅವಳು, "ಮೊದ್ಲು ನಿಮ್ಮನೇದು ಮಾಡೋಣ ಅಕ್ಕ. ಮಾವಂದು ಮುಖ್ಯ. ಈ ಸಲ ಅವಸರ ಬೇಡ" ಎಂದಳು. ಇಷ್ಟು ವರ್ಷ ಅವಳಲ್ಲಿ ಬೈಯಲು ಏನಾದರೂ ಹುಡುಕುತ್ತಿದ್ದೆನಲ್ಲ, ಅಂದಿಗೆ ಆ ಕೆಲಸ ಬಿಟ್ಟೆ.

ಅವಸರವಿಲ್ಲದೆ ಮಾಡುವುದು ಎಂದರೆ ಏನು ಎಂದು ಆ ಬೇಸಿಗೆಯಲ್ಲಿ ಕಲಿತೆ. ಮೊದಲು ಬಳಿಯುವ ಮಾತೇ ಎತ್ತಲಿಲ್ಲ. ಸಂಪು ತುಂಬಿ ಹೊರಚೆಲ್ಲಿ ನೆಲದಡಿಗೆ ನೀರು ಹೋಗುತ್ತಿದ್ದದ್ದನ್ನು ಪ್ಲಂಬರ್ ಕರೆಸಿ ನಿಲ್ಲಿಸಿದೆವು. ಸಂಪು ಖಾಲಿ ಮಾಡಿ, ಮುಚ್ಚಳ ತೆಗೆದು, ಸುತ್ತ ಹಲಗೆ ಅಡ್ಡವಿಟ್ಟು ಒಣಗಲು ಬಿಟ್ಟೆವು. ತಾರಸಿಯ ಟ್ಯಾಂಕಿಗೆ ಬೋರ್‌ವೆಲ್ಲಿನಿಂದ ನೇರವಾಗಿ ನೀರು ಏರಿಸಿಕೊಂಡು ದಿನ ದೂಡಿದೆವು. ಕಾರನ್ನು ರೋಡಿಗೆ ತಳ್ಳಿ ಅದಕ್ಕೊಂದು ಹೊದಿಕೆ ಹೊದಿಸಿದೆವು. ಬಾಡಿಗೆಗೆ ನೆಲ ಕೆರೆಯುವ ಮಷೀನು ತಂದು, ಎದ್ದದ್ದು, ಏಳಬಹುದಾದದ್ದು, ಏಳುವುದಿಲ್ಲ ಎಂದು ಮುಖ ಮಾಡಿಕೊಂಡಿದ್ದದ್ದು ಎಲ್ಲವನ್ನೂ ಬರಿಯ ಸಿಮೆಂಟು ಕಾಣುವ ತನಕ ಕೆರೆದೆವು. ಶೈಲಜಾ ಮಷೀನು ಹಿಡಿದರೆ ನಾನು ಧೂಳು ಹೀರುವ ಪೈಪು ಹಿಡಿದೆ. ಮೂಗಿಗೆ ಮಾಸ್ಕು, ತಲೆಗೆ ಟವೆಲು. ಎದುರುಮನೆಯವರು ಕೆಲಸದವರು ಸಿಕ್ಕರಾ, ಎಲ್ಲಿಂದ ಕರೆಸಿದಿರಿ ಎಂದು ನಮ್ಮನೆಯವರನ್ನು ಕೇಳಿದರಂತೆ. ಒಬ್ಬರು ಗುಬ್ಬಿಯವರು, ಒಬ್ಬರು ಇಲ್ಲಿಯವರೇ ಎಂದು ಇವರು ಹೇಳಿದರಂತೆ. ಈ ಸಲ ಸುಳ್ಳಲ್ಲ.

ಎಣ್ಣೆ ಕುಡಿದ ಜಾಗಗಳನ್ನು ಮತ್ತೆ ಮತ್ತೆ ತೊಳೆದು ಹನಿ ನೀರು ಬಿಟ್ಟು ನೋಡಿದೆವು; ನೆಲ ಗುಟುಕರಿಸುವ ತನಕ ಮುಂದೆ ಹೋಗಲಿಲ್ಲ. ಪ್ಲಾಸ್ಟಿಕ್ ಹಾಳೆಯನ್ನು ಸಂಪಿನ ನೆತ್ತಿಯ ಮೇಲೆಯೇ ಹಾಸಿದೆ. ಮೊದಲ ಸಲ ಎತ್ತಿದಾಗ ಬೆವರಿತ್ತು. ಹಿಂದಿನ ನಾನಾಗಿದ್ದರೆ ಒರೆಸಿಬಿಡುತ್ತಿದ್ದೆ. ಮತ್ತೆ ಒಣಗಿಸಿ, ಮತ್ತೆ ಹಾಸಿ, ಒಣ ಎಂದು ಅದೇ ಒಪ್ಪಿದ ಮೇಲೆ ತೇವ ತಡೆಯುವ ಪ್ರೈಮರ್ ಬಳಿದೆವು. ಸಂಪಿನ ಮುಚ್ಚಳದ ಸುತ್ತ ಒಂದು ಗೇಣು ಜಾಗವನ್ನು ಬಳಿಯದೆ ಹಾಗೇ ಬಿಟ್ಟೆವು. ಉಸಿರಾಡಲು ಅದಕ್ಕೂ ಒಂದು ಕಿಟಕಿ ಇರಲಿ ಎಂದು.

ಇಷ್ಟು ದಿನ ಮಾವ ಹಜಾರದ ಕಿಟಕಿಯಿಂದ ನೋಡುತ್ತಿದ್ದರು. ಮೊದಮೊದಲು ಪೇಪರು ಅಡ್ಡ ಹಿಡಿದು, ಆಮೇಲೆ ಪೇಪರಿಲ್ಲದೆ. ಬಣ್ಣ ಬಳಿಯುವ ಸಂಜೆ, ಬಿಸಿಲು ಇಳಿದ ಮೇಲೆ, ಬಾಗಿಲ ಹೊಸ್ತಿಲಿಗೆ ಬಂದು ನಿಂತರು. ನಾನು ಸ್ವಲ್ಪ ಸ್ವಲ್ಪವೇ ಕಲಸಿ ತಕ್ಷಣ ನೆಲಕ್ಕೆ ಸುರಿಯುತ್ತಿದ್ದೆ, ಶೈಲಜಾ ರೋಲರ್ ಎಳೆಯುತ್ತಿದ್ದಳು. ಆಮೇಲೆ ಹಸಿ ಬಣ್ಣದ ಮೇಲೆ ಮರಳು ಉದುರಿಸಬೇಕು. ನಾನು ಉದುರಿಸಿದರೆ ಒಂದು ಕಡೆ ಗುಡ್ಡೆ, ಒಂದು ಕಡೆ ಬೋಳು. ಶೈಲಜಾಳದ್ದೂ ಅಷ್ಟೇ.

"ಉಪ್ಪು ಹಾಕ್ದಂಗೆ ಹಾಕ್ತಿದೀರಲ್ಲ" ಎಂದರು ಮಾವ. "ತತ್ತಾ ಇಲ್ಲಿ."

ಹೊಸ್ತಿಲಿನಲ್ಲೇ ನಿಂತು, ಮರಳಿನ ಪಾತ್ರೆಯನ್ನು ಎಡಸೊಂಟಕ್ಕೆ ಆನಿಸಿ, ಮುರಿದು ಕೂಡಿದ ಬಲಗೈಯಿಂದ ಅವರು ಒಂದು ಹಿಡಿ ಬೀಸಿದರು. ಹುಡುಗನಾಗಿದ್ದಾಗ ಹೊಲದಲ್ಲಿ ರಾಗಿ ಚೆಲ್ಲಿದ ಕೈ. ಮರಳು ತುಂತುರು ಮಳೆಯ ಹಾಗೆ ಸಮವಾಗಿ ಬಿತ್ತು. ನಾವು ಸರಿದು ದಾರಿ ಬಿಟ್ಟೆವು. ಮಾವ, ನಾವು ಓಡಾಡಲೆಂದು ಗೋಡೆಯ ಪಕ್ಕ ಇಟ್ಟಿದ್ದ ಹಲಗೆಯ ಮೇಲೆ ಹೆಜ್ಜೆಯಿಟ್ಟು ಮುಂದಕ್ಕೆ ಹೋಗುತ್ತಾ, ಬೀಸುತ್ತಾ, ಗೇಟಿನ ತನಕ ಹೋದರು. ಗೇಟಿನ ಹತ್ತಿರ ಹೋದ ಮೇಲೆಯೇ ತಾವು ಶೆಡ್ಡಿನಲ್ಲಿ ಇದ್ದೇವೆ ಎಂಬುದು ಅವರಿಗೆ ಗೊತ್ತಾಗಿದ್ದು ಎಂದು ನನಗನ್ನಿಸುತ್ತದೆ. ಹಿಂತಿರುಗಿ ನೋಡಿ, "ಮೊಳಕೆ ಬತ್ತದೇನವ್ವ?" ಎಂದರು. ಅತ್ತೆ ಒಳಗಿನಿಂದ ಜೋರಾಗಿ ನಕ್ಕರು. ಮರುದಿನ ಸಡಿಲ ಮರಳು ಗುಡಿಸಿ ಮೇಲೊಂದು ಪದರ ಬಳಿದೆವು. ಆಮೇಲೆ ಡಬ್ಬದಲ್ಲಿ ಹೇಳಿದಷ್ಟು ದಿನ ಅಲ್ಲ, ಅದಕ್ಕಿಂತ ಹೆಚ್ಚೇ ಕಾದೆವು. ಮಧ್ಯೆ ಒಂದು ಸಲ ಗಾಳಿ ಮಳೆ ಬಂತು. ನಾನು ಗೇಟಿಗೆ ಬೀಗ ಹಾಕಿ ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಕಾದದ್ದು ಮುಗಿದ ದಿನ ಮಾವ ಯಾರನ್ನೂ ಕೇಳದೆ ಒಂದು ಬಕೆಟ್ ನೀರು ತಂದು ನೆಲಕ್ಕೆ ಚೆಲ್ಲಿ, ಬರಿಗಾಲಿನಲ್ಲಿ ಇಳಿದರು. "ಅಯ್ಯೋ, ಬನ್ನಿ ಇತ್ಲಾಗೆ!" ಎಂದು ಅತ್ತೆ ಕೂಗಿಕೊಂಡರು. ನಮ್ಮನೆಯವರು ಹಿಂದಿನಿಂದ ಎರಡೂ ಕೈ ಚಾಚಿಕೊಂಡು ನಡೆದರು, ಹೊಸದಾಗಿ ನಡೆಯುವ ಮಗುವಿನ ಹಿಂದೆ ಹೋಗುವ ಹಾಗೆ. ಮಾವ ಈ ಗೋಡೆಯಿಂದ ಆ ಗೋಡೆಗೆ ಹೋದರು, ತಿರುಗಿ ಬಂದರು, ನಡು ಶೆಡ್ಡಿನಲ್ಲಿ ನಿಂತು ಪಾದವನ್ನು ಅತ್ತ ಇತ್ತ ಉಜ್ಜಿದರು. ಆಮೇಲೆ ಮಗನ ಕಡೆ ಅಂಗೈ ಚಾಚಿ ಕೀಲಿ ಕೇಳಿದರು. ಅಂದು ಮಧ್ಯಾಹ್ನ ಅತ್ತೆಯನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಕುಣಿಗಲ್‌ಗೆ ಹೊರಟರು. ಏನು ವಿಶೇಷ ಎಂದು ಕೇಳಿದ್ದಕ್ಕೆ ಅಲ್ಲಿ ಯಾರಿಗೋ ಹುಷಾರಿಲ್ಲ ಎಂದರು. ಯಾರಿಗೆ ಎಂದು ಅವರು ಹೇಳಲಿಲ್ಲ, ನಾವು ಕೇಳಲಿಲ್ಲ. ಮುಂದಿನ ತಿಂಗಳು ಶೈಲಜಾಳ ನೆಲವನ್ನೂ ಹೀಗೇ ಮುಗಿಸಿದೆವು. ಮರಳು ಬೀಸಲು ಮಾವ ಗುಬ್ಬಿಗೆ ತಾವೇ ಕಾರು ಓಡಿಸಿಕೊಂಡು ಬಂದರು.

ಈಗ ನಮ್ಮ ನೆಲದಲ್ಲಿ ಮುಖ ಕಾಣುವುದಿಲ್ಲ. ಗೇಟಿನ ಹತ್ತಿರ ಬಿಸಿಲು ಬೀಳುವ ಕಡೆ ಬಣ್ಣ ಸ್ವಲ್ಪ ಹಳದಿಗೆ ತಿರುಗಿದೆ, ಎಪಾಕ್ಸಿಗೆ ಬಿಸಿಲು ಅಷ್ಟಾಗಿ ಆಗಿಬರುವುದಿಲ್ಲ. ಆದರೆ ಎದ್ದಿಲ್ಲ, ಉಬ್ಬಿಲ್ಲ, ಆಯಿಲ್ ಬಿದ್ದರೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಮನೆಗೆ ಯಾರೇ ಬರಲಿ, ಮಾವ ಕುಡಿಯಲು ನೀರು ಕೊಡುವ ಮುಂಚೆ ನೆಲಕ್ಕೆ ನೀರು ಹಾಕಿ ನಡೆಸುತ್ತಾರೆ. ತಾವು ಬಿದ್ದ ಕಥೆಯನ್ನೂ ಹೇಳುತ್ತಾರೆ. ಹೇಳಿದ ಹಾಗೆಲ್ಲ ಅವರು ಜಾರಿದ ದೂರ ಹೆಚ್ಚುತ್ತಿದೆ. ಸದ್ಯಕ್ಕೆ ಗೇಟಿನ ತನಕ ಬಂದಿದ್ದಾರೆ.

ಮೊನ್ನೆ ಹಿಂದಿನ ಬೀದಿಯಲ್ಲಿ ಹೊಸ ಮನೆ ಕಟ್ಟಿಸಿದ ದಂಪತಿ ಬಂದಿದ್ದರು. ನೀರಿನ ಮೇಲೆ ನಡೆದರು, ಕಥೆ ಕೇಳಿದರು. ನಮ್ಮ ಶೆಡ್ಡಿಗೂ ಬೇಕಿತ್ತು ಎಂದರು. ನಾನು ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದೆ. "ನಮ್ ಸೊಸೆ ಬರ್ತಾಳೆ ಬುಡಿ, ಭಾನುವಾರ ಅವ್ಳಿಗೆ ರಜ" ಎಂದು ಮಾವ ಹೇಳುವುದು ಕೇಳಿಸಿತು. ಖಡಾಖಂಡಿತವಾಗಿ ಆಗುವುದಿಲ್ಲ ಎಂದುಬಿಡಬೇಕು, ಉತ್ತರಪತ್ರಿಕೆಗಳಿವೆ, ಮಂಡಿ ನೋವಿದೆ ಎಂದು ವಾಕ್ಯಗಳನ್ನು ಜೋಡಿಸಿಕೊಳ್ಳುತ್ತಾ ಕಾಫಿ ತಂದೆ. ಆ ಮನುಷ್ಯ ಎದ್ದು ನಿಂತು, "ಮೇಡಂ, ನಿಮ್ಮಂಥ ತಿಳಿದವರು ಒಂದು ಸಲ ನೋಡಿದರೆ ನಮಗೆ ಧೈರ್ಯ" ಎಂದರು. ನನ್ನ ಬಾಯಿಂದ ಹೊರಟದ್ದು ದೊಡ್ಡ ಆಸ್ಪತ್ರೆಯ ಡಾಕ್ಟರರ ಧ್ವನಿ. "ನೆಲ ಹಾಕಿ ಎಷ್ಟು ದಿನ ಆಯ್ತು? ಸರಿ. ನೀವೇನೂ ಮುಟ್ಟೋಕೆ ಹೋಗ್ಬೇಡಿ. ಇರೋ ಹಾಗೇ ಇರ್ಲಿ, ನಾನು ಬಂದು ನೋಡ್ತೀನಿ."

ಅವರು ಸಂತೋಷದಿಂದ ಹೋದರು. ಗೇಟು ಹಾಕಿದ ಸದ್ದು ಕೇಳಿದ ಮೇಲೆ ಅತ್ತೆ ಹೊರಗೆ ಬಂದು, ಸ್ವಲ್ಪ ಯೋಚಿಸಿ, ಮಾವನನ್ನು ಕೇಳಿದರು.

"ಅವ್ರ ಮನೇಲಿ ವಯಸ್ಸಾದೋರು ಯಾರಾದ್ರೂ ಇದಾರಾ, ಕೇಳ್ಕೊಂಡ್ರಾ?"